ಕಾಗದದ ಯಂತ್ರದಿಂದ ರಿಲೇಯವರೆಗೆ: ಪ್ರೊಫೆಸರ್ ಓಸ್ಟ್ರೊಮ್ ಅವರ ಸಂಶೋಧನೆ

ನಿಯಂತ್ರಣಶಾಸ್ತ್ರದ ಪಠ್ಯಗಳನ್ನು ವ್ಯಾಸಂಗ ಮಾಡುವ ವಿದ್ಯಾರ್ಥಿಗೆ ಸ್ವೀಡನ್ ದೇಶದ ಕಾರ್ಲ್ ಯೋಹಾನ್ ಓಸ್ಟ್ರೊಮ್ ಅವರ ಹೆಸರು ಎರಡು ತೀರ ಭಿನ್ನವಾದ ಅಧ್ಯಾಯಗಳಲ್ಲಿ ಎದುರಾಗುತ್ತದೆ. ಒಂದು, ಸಂಭವನೀಯತೆಯ ಗಣಿತದಿಂದ ತುಂಬಿದ ಕಠಿಣವಾದ ಅಧ್ಯಾಯ. ಮತ್ತೊಂದು, ಕಾರ್ಖಾನೆಯಲ್ಲಿರುವ ಸಾಮಾನ್ಯ ನಿಯಂತ್ರಕವನ್ನು ಹೊಂದಿಸುವುದು ಹೇಗೆಂಬ ಅಧ್ಯಾಯ. ಇವೆರಡೂ ಒಬ್ಬರದೇ ಕೆಲಸವೆಂದು ಮೊದಲ ನೋಟಕ್ಕೆ ತೋರುವುದಿಲ್ಲ. ಕಠಿಣವಾದುದನ್ನು ಸಾಧಿಸಿದ ಮೇಲೆ ಅವರು ಸರಳವಾದುದರ ಕಡೆಗೆ ತಿರುಗಿದುದೇಕೆ ಎಂಬುದನ್ನು ವಿಚಾರಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಓಸ್ಟ್ರೊಮ್ ಅವರು ಜನಿಸಿದ್ದು 1934ರಲ್ಲಿ. ಸ್ಟಾಕ್‌ಹೋಮಿನ ರಾಜಕೀಯ ತಾಂತ್ರಿಕ ವಿದ್ಯಾಪೀಠದಲ್ಲಿ ಓದಿ 1960ರಲ್ಲಿ ಡಾಕ್ಟರೇಟ್ ಪಡೆದರು. 1961ರಲ್ಲಿ ಐ.ಬಿ.ಎಂ. ಸಂಸ್ಥೆಯ ಸ್ಟಾಕ್‌ಹೋಮ್ ಪ್ರಯೋಗಾಲಯವನ್ನು ಸೇರಿದರು. 1965ರಲ್ಲಿ ಲುಂಡ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ನೇಮಕಗೊಂಡು, ಅಲ್ಲಿ ನಿಯಂತ್ರಣ ವಿಭಾಗವನ್ನು ಕಟ್ಟಿದರು.

ಅವರ ಮುಖ್ಯ ಚಿಂತನೆ ಬೀಜರೂಪದಲ್ಲಿ ಕಾಣಿಸಿಕೊಂಡುದು ವಿದ್ಯಾಲಯದಲ್ಲಲ್ಲ. ಬಿಲ್ಲೆರೂಡ್ ಕಂಪನಿಯ ಕಾಗದದ ಕಾರ್ಖಾನೆಯಲ್ಲಿ. ಕಾಗದವನ್ನು ತಯಾರಿಸುವಾಗ ಅದರ ಒಂದು ಚದರ ಮೀಟರಿನ ತೂಕ ಕ್ಷಣಕ್ಷಣಕ್ಕೂ ಸ್ವಲ್ಪ ಏರಿಳಿಯುತ್ತಲೇ ಇರುತ್ತದೆ. ಕೊಳ್ಳುವವನು ಕನಿಷ್ಠ ತೂಕವೊಂದನ್ನು ಗೊತ್ತುಮಾಡಿರುತ್ತಾನೆ. ಏರಿಳಿತ ಹೆಚ್ಚಾಗಿದ್ದರೆ, ಕಾಗದ ಆ ಮಿತಿಗಿಂತ ಕೆಳಗಿಳಿಯದಂತೆ ಸರಾಸರಿ ತೂಕವನ್ನು ಬಹಳ ಮೇಲಿಡಬೇಕಾಗುತ್ತದೆ. ಅಂದರೆ ಮರದ ತಿರುಳು ಅನವಶ್ಯಕವಾಗಿ ಖರ್ಚಾಗುತ್ತದೆ. ಏರಿಳಿತವನ್ನು ಕುಗ್ಗಿಸಿದಷ್ಟೂ ಸರಾಸರಿಯನ್ನು ಮಿತಿಯ ಹತ್ತಿರಕ್ಕೆ ತರಬಹುದು. ಹೀಗೆ ಗಣಿತಜ್ಞರು ವೇರಿಯನ್ಸ್ ಎಂದು ಕರೆಯುವ ಶುಷ್ಕ ಪರಿಮಾಣಕ್ಕೆ ಇಲ್ಲಿ ಹಣದ ಅರ್ಥ ಬಂದಿತು.

ತೊಡಕು ಇರುವುದು ವಿಳಂಬದಲ್ಲಿ. ತಿರುಳಿನ ಕವಾಟವನ್ನು ಈಗ ತಿರುಗಿಸಿದರೆ ಅದರ ಫಲ ಯಂತ್ರದ ಕೊನೆಯಲ್ಲಿರುವ ಮಾಪಕಕ್ಕೆ ತಲಪುವುದು ಸ್ವಲ್ಪ ಕಾಲದ ಮೇಲೆ. ಅಷ್ಟರಲ್ಲಿ ಹೊಸ ಕ್ಷೋಭೆಗಳು ಬಂದು ಸೇರಿರುತ್ತವೆ. ಓಸ್ಟ್ರೊಮ್ ಅವರು ಕೊಟ್ಟ ಉತ್ತರವಿದು: ಕ್ಷೋಭೆ ಯಾದೃಚ್ಛಿಕವಾದರೂ ಅದರ ಇಂದಿನ ನಡೆಗೂ ನಾಳಿನ ನಡೆಗೂ ಸಂಬಂಧವಿರುತ್ತದೆ, ಆದ್ದರಿಂದ ವಿಳಂಬದಷ್ಟು ಮುಂದಕ್ಕೆ ಅದನ್ನು ಊಹಿಸಿ, ಆ ಊಹೆಯನ್ನು ಶೂನ್ಯಮಾಡುವಂತೆ ಕವಾಟವನ್ನು ಈಗಲೇ ತಿರುಗಿಸಬೇಕು. ಕೊನೆಗೆ ಉಳಿಯುವುದು ಊಹೆಯ ದೋಷವೊಂದೇ. ಅದಕ್ಕಿಂತ ಕಡಮೆ ಮಾಡುವುದು ಯಾವ ನಿಯಂತ್ರಕಕ್ಕೂ ಸಾಧ್ಯವಿಲ್ಲ. ಇದೇ ಕನಿಷ್ಠ ವೇರಿಯನ್ಸ್ ನಿಯಂತ್ರಣ. ಇದರಲ್ಲಿ ಒಂದು ಸ್ವಾರಸ್ಯವುಂಟು. ಈ ನಿಯಂತ್ರಣ ಸರಿಯಾಗಿ ನಡೆದಿದ್ದರೆ, ವಿಳಂಬಕ್ಕಿಂತ ಹೆಚ್ಚು ಅಂತರವುಳ್ಳ ಎರಡು ಅಳತೆಗಳ ನಡುವೆ ಯಾವ ಸಹಸಂಬಂಧವೂ ಉಳಿದಿರಕೂಡದು. ಕಾರ್ಖಾನೆಯ ದಾಖಲೆಯನ್ನು ನೋಡಿಯೇ ಇದನ್ನು ಪರೀಕ್ಷಿಸಬಹುದು.

ಆದರೆ ಯಂತ್ರದ ಹಾಗೂ ಕ್ಷೋಭೆಯ ಗಣಿತರೂಪವನ್ನು ಮೊದಲು ಪ್ರಯೋಗಗಳಿಂದ ಕಂಡುಹಿಡಿಯಬೇಕು. ಅದು ಶ್ರಮದ ಕೆಲಸ. ಪ್ರತಿಯೊಂದು ಯಂತ್ರಕ್ಕೂ ಇದನ್ನು ಮಾಡುವವರು ಯಾರು? ನಿಯಂತ್ರಕವೇ ಕೆಲಸ ಮಾಡುತ್ತ ಮಾಡುತ್ತ ಕಲಿಯಲಿ ಎಂಬ ಯೋಚನೆ ಆಗಲೇ ಇತ್ತು. ಕಾಲ್ಮನ್ ಅವರು 1958ರಲ್ಲಿ ಅಂಥ ಯಂತ್ರವೊಂದನ್ನು ಸೂಚಿಸಿದ್ದರು. ಓಸ್ಟ್ರೊಮ್ ಮತ್ತು ಅವರ ಶಿಷ್ಯ ವಿಟ್ಟೆನ್‌ಮಾರ್ಕ್ ಇಬ್ಬರೂ 1973ರಲ್ಲಿ ಪ್ರಕಟಿಸಿದ ಪ್ರಬಂಧ ಈ ಯೋಚನೆಗೆ ಗಟ್ಟಿಯಾದ ಆಧಾರವನ್ನು ಒದಗಿಸಿತು. ಪ್ರತಿಯೊಂದು ಅಳತೆಯ ತರುವಾಯವೂ ಕನಿಷ್ಠ ವರ್ಗಗಳ ವಿಧಾನದಿಂದ ಕೆಲವೇ ಗುಣಾಂಕಗಳನ್ನು ಅಂದಾಜು ಮಾಡುವುದು, ಆ ಅಂದಾಜು ಸತ್ಯವೆಂದೇ ಭಾವಿಸಿ ಕವಾಟವನ್ನು ತಿರುಗಿಸುವುದು, ಇಷ್ಟೇ ಅದರ ಕ್ರಮ. ಕ್ಷೋಭೆಗಳು ಪರಸ್ಪರ ಸಂಬಂಧವುಳ್ಳವಾಗಿದ್ದರೆ ಕನಿಷ್ಠ ವರ್ಗಗಳ ಅಂದಾಜು ತಪ್ಪಾಗುತ್ತದೆಂದು ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಬಲ್ಲರು. ಆದರೂ ಆ ಅಂದಾಜುಗಳು ಒಂದು ಬೆಲೆಯಲ್ಲಿ ನೆಲೆನಿಂತದ್ದೇ ಆದರೆ, ಗುಣಾಂಕಗಳ ಸಂಖ್ಯೆ ಸಾಕಷ್ಟಿದ್ದಾಗ, ಫಲಿಸುವ ನಿಯಂತ್ರಣ ಕನಿಷ್ಠ ವೇರಿಯನ್ಸಿನದೇ ಆಗಿರುತ್ತದೆಂದು ಅವರು ತೋರಿಸಿದರು. ನಮ್ಮ ಅಭಿಪ್ರಾಯದಲ್ಲಿ ಓಸ್ಟ್ರೊಮ್ ಅವರ ಎಲ್ಲ ಫಲಿತಾಂಶಗಳಲ್ಲಿ ಅತ್ಯಂತ ಸೊಗಸಾದುದು ಇದು.

"ನೆಲೆನಿಂತದ್ದೇ ಆದರೆ" ಎಂಬ ಮಾತನ್ನು ಮಾತ್ರ ಮರೆಯಲಾಗದು. ಅಂಥ ನಿಯಂತ್ರಣ ಸ್ಥಿರವಾಗಿರುತ್ತದೆಂಬುದಕ್ಕೆ, ಕೆಲವು ಆದರ್ಶ ಕಲ್ಪನೆಗಳ ಮೇಲೆ, ಸಾಧನೆ ದೊರೆತದ್ದು 1980ರ ಸುಮಾರಿಗೆ. ಆ ದಶಕದಲ್ಲಿಯೇ ಬೇರೆ ಸಂಶೋಧಕರು ಆ ಕಲ್ಪನೆಗಳು ಸ್ವಲ್ಪ ಸಡಿಲಿದರೆ ನಿಯಂತ್ರಣ ಹೇಗೆ ಕೆಡಬಹುದೆಂಬುದನ್ನು ತೋರಿಸಿಕೊಟ್ಟರು. ಯಂತ್ರ ಬಹಳ ಹೊತ್ತು ಶಾಂತವಾಗಿ ನಡೆದರೆ ಕಲಿಯಲು ಹೊಸ ಮಾಹಿತಿಯೇ ಇಲ್ಲವಾಗಿ ಅಂದಾಜುಗಳು ಎತ್ತಲೋ ತೇಲಿಹೋಗಬಹುದು. ಸದಾ ಕಲಿಯುತ್ತಲೇ ಇರುವ ನಿಯಂತ್ರಕಕ್ಕೆ ಸದಾ ಕಾವಲೂ ಬೇಕಾಯಿತು.

ಇತ್ತ ಕಾರ್ಖಾನೆಗಳಲ್ಲಿ ಬಹುಪಾಲು ಇದ್ದುದು ಹಳೆಯ ಪಿ.ಐ.ಡಿ. ನಿಯಂತ್ರಕಗಳೇ. ದೋಷದ ಈಗಿನ ಬೆಲೆ, ಹಿಂದಿನ ಮೊತ್ತ, ಬದಲಾವಣೆಯ ವೇಗ, ಈ ಮೂರನ್ನು ಸೇರಿಸಿ ನಡೆಯುವ ಸರಳ ಸಾಧನ ಅದು. ಮೂರು ಗುಣಾಂಕಗಳನ್ನು ಸರಿಯಾಗಿ ಹೊಂದಿಸಲು ಯಾರಿಗೂ ಬಿಡುವಿಲ್ಲದೆ, ಎಷ್ಟೋ ಕಡೆ ಅವು ತಯಾರಕರು ಇಟ್ಟ ಬೆಲೆಯಲ್ಲಿಯೇ ಇರುತ್ತಿದ್ದವು. ಜೀಗ್ಲರ್ ಮತ್ತು ನಿಕೊಲ್ಸ್ ಅವರು 1942ರಲ್ಲಿ ಹೊಂದಿಸುವ ಕ್ರಮವೊಂದನ್ನು ಹೇಳಿದ್ದರು: ಯಂತ್ರ ನಿರಂತರವಾಗಿ ಆಂದೋಲಿಸುವವರೆಗೆ ವರ್ಧನವನ್ನು ಏರಿಸಿ, ಆ ಪರಮಾವಧಿ ವರ್ಧನವನ್ನೂ ಆಂದೋಲನದ ಅವಧಿಯನ್ನೂ ಗುರುತಿಸಿಕೊಳ್ಳುವುದು. ಸ್ವಲ್ಪ ಮೀರಿದರೆ ಯಂತ್ರ ಕೈತಪ್ಪುತ್ತದೆಯಾದ್ದರಿಂದ ನಡೆಯುತ್ತಿರುವ ಕಾರ್ಖಾನೆಯಲ್ಲಿ ಇದಕ್ಕೆ ಒಪ್ಪುವವರು ವಿರಳ.

1984ರಲ್ಲಿ ಓಸ್ಟ್ರೊಮ್ ಮತ್ತು ಹೆಗ್ಲುಂಡ್ ಪ್ರಕಟಿಸಿದ ಉಪಾಯ ಈ ಅಪಾಯವನ್ನು ನಿವಾರಿಸಿತು. ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚಿನಂತೆ ಎರಡೇ ಬೆಲೆಗಳ ನಡುವೆ ಹಾರಾಡುವ ರಿಲೇಯೊಂದನ್ನು ಸ್ವಲ್ಪ ಹೊತ್ತು ನಿಯಂತ್ರಕದ ಸ್ಥಾನದಲ್ಲಿ ಇಡುವುದು. ಯಂತ್ರ ತಾನಾಗಿಯೇ ಆಂದೋಲಿಸತೊಡಗುತ್ತದೆ. ರಿಲೇಯ ಹಾರಾಟ ನಮ್ಮ ಕೈಯಲ್ಲಿರುವುದರಿಂದ ಆಂದೋಲನವೂ ಮಿತಿಯಲ್ಲಿರುತ್ತದೆ. ರಿಲೇಯ ಪಾರ d, ಆಂದೋಲನದ ಪಾರ a ಆದರೆ, ಪರಮಾವಧಿ ವರ್ಧನ ಸುಮಾರು 4d/πa. ಉದಾಹರಣೆಗೆ, d ಶೇಕಡ 5, a ಶೇಕಡ 2, ಅವಧಿ 40 ಸೆಕೆಂಡು ಇರಲಿ. ಪರಮಾವಧಿ ವರ್ಧನ 3.18 ಆಗುತ್ತದೆ. ಹಳೆಯ ಸೂತ್ರದಂತೆ ನಿಯಂತ್ರಕದ ವರ್ಧನ ಅದರ 0.6 ಪಾಲು, ಎಂದರೆ 1.91, ಅನುಕಲನ ಕಾಲ 20 ಸೆಕೆಂಡು, ಅವಕಲನ ಕಾಲ 5 ಸೆಕೆಂಡು. ಈ ಲೆಕ್ಕವನ್ನು ನಿಯಂತ್ರಕದೊಳಗೇ ಅಡಗಿಸಿ, ಗುಂಡಿಯೊಂದನ್ನು ಒತ್ತಿದರೆ ತಾನೇ ಹೊಂದಿಸಿಕೊಳ್ಳುವ ಸಾಧನಗಳು ಮಾರುಕಟ್ಟೆಗೆ ಬಂದವು. ಸದಾ ಕಲಿಯುವ ನಿಯಂತ್ರಕಕ್ಕೂ ಇದಕ್ಕೂ ಇರುವ ಭೇದ ಗಮನಾರ್ಹ: ಇಲ್ಲಿ ಕಲಿಕೆ ನಡೆಯುವುದು ಕೆಲಸಗಾರ ಬಯಸಿದಾಗ ಮಾತ್ರ, ಅವನ ಕಣ್ಣೆದುರಿಗೆ, ಕಲಿಕೆಗೆ ಬೇಕಾದ ಚಲನವನ್ನು ಪ್ರಯೋಗವೇ ಒದಗಿಸುತ್ತದೆ. ಹಿಂದಿನ ಹತ್ತು ವರ್ಷಗಳ ಕಷ್ಟವನ್ನು ಬಲ್ಲವರಿಗಲ್ಲದೆ ಈ ಸರಳತೆ ಹೊಳೆಯುತ್ತಿರಲಿಲ್ಲವೆಂದು ನಮಗೆ ತೋರುತ್ತದೆ. 1993ರಲ್ಲಿ ಐ.ಇ.ಇ.ಇ. ಸಂಸ್ಥೆ ಓಸ್ಟ್ರೊಮ್ ಅವರಿಗೆ ತನ್ನ ಅತ್ಯುನ್ನತ ಪದಕವನ್ನಿತ್ತು ಗೌರವಿಸಿತು.

ಈ ಪ್ರಯೋಗವನ್ನು ಕಾಲೇಜಿನ ಪ್ರಯೋಗಾಲಯದಲ್ಲಿಯೂ ಮಾಡಬಹುದು. ನೀರಿನ ಒಂದೇ ತೊಟ್ಟಿ ಇದಕ್ಕೆ ಸಾಲದು. ಅದರ ವಿಳಂಬ ಅತ್ಯಲ್ಪವಾದ್ದರಿಂದ ರಿಲೇ ಬಹು ವೇಗವಾಗಿ ಪಟಪಟಿಸುತ್ತದೆಯೇ ಹೊರತು ಅಳೆಯಲು ಆಂದೋಲನ ದೊರೆಯದು. ಸಮಾನವಾದ ಮೂರು ತೊಟ್ಟಿಗಳನ್ನು ಒಂದರ ಕೆಳಗೊಂದಿಟ್ಟು, ಮೇಲಿನದಕ್ಕೆ ನೀರು ಬಿಟ್ಟು, ಕೆಳಗಿನದರ ಮಟ್ಟವನ್ನು ಅಳೆಯಬೇಕು. ಪ್ರತಿ ತೊಟ್ಟಿಯ ಕಾಲಾಂಕ 30 ಸೆಕೆಂಡು ಇದ್ದರೆ ಆಂದೋಲನದ ಅವಧಿ ಸುಮಾರು 109 ಸೆಕೆಂಡು ಬರತಕ್ಕದ್ದು. ಮಾಪಕದಲ್ಲಿ ಅಲೆಗಳ ಗದ್ದಲವಿದ್ದರೆ ರಿಲೇ ಸುಳ್ಳು ಸುಳ್ಳಾಗಿ ಹಾರದಂತೆ ಅದಕ್ಕೆ ಸ್ವಲ್ಪ ಸಡಿಲನ್ನು ಕೊಡಬೇಕು. ಆಗ ಅವಧಿ ತುಸು ಹೆಚ್ಚಾಗಿ ಕಾಣುತ್ತದೆ.