ಖಾನಾಪುರದ ಹಂಚು ಮತ್ತು ಹಸಿರು ಕಟ್ಟಡದ ಲೆಕ್ಕ

ಕಟ್ಟಡವೊಂದು ತನ್ನ ಬಾಳಿನುದ್ದಕ್ಕೂ ವ್ಯಯಿಸುವ ಇಂಧನವನ್ನು ತಜ್ಞರು ಎರಡು ಭಾಗ ಮಾಡಿ ಎಣಿಸುತ್ತಾರೆ. ಇಟ್ಟಿಗೆ ಸುಡಲು, ಸಿಮೆಂಟು ಬೇಯಿಸಲು, ಕಬ್ಬಿಣ ಕರಗಿಸಲು, ಅವನ್ನೆಲ್ಲ ಕಟ್ಟುವ ಜಾಗಕ್ಕೆ ಸಾಗಿಸಲು ತಗಲುವ ಇಂಧನವು ಗೋಡೆ-ಮಾಡುಗಳೊಳಗೇ ಹುದುಗಿ ಬರುವುದರಿಂದ ಅದಕ್ಕೆ ಅಂತರ್ಗತ ಇಂಧನವೆಂದೂ, ಜನ ವಾಸಕ್ಕೆ ಬಂದ ಮೇಲೆ ದೀಪ, ಫ್ಯಾನು, ಏಸಿ, ನೀರಿನ ಪಂಪುಗಳು ಬಳಸುವುದಕ್ಕೆ ಬಳಕೆಯ ಇಂಧನವೆಂದೂ ಹೆಸರು. ಹಸಿರು ಕಟ್ಟಡಗಳಿಗೆಂದು ಸರ್ಕಾರಗಳು ಇಂದು ಕೊಡುವ ಉತ್ತೇಜನದ ಬಹುಪಾಲು ಎರಡನೆಯದನ್ನು ಕುರಿತದ್ದು. ಮೊದಲನೆಯದನ್ನು ಉಳಿಸುತ್ತಲೇ ಎರಡನೆಯದನ್ನೂ ತಗ್ಗಿಸುವ ಮನೆಗಳು ಬೆಳಗಾವಿ ಮತ್ತು ಖಾನಾಪುರದ ನೆಲದಲ್ಲಿ ತಲೆಮಾರುಗಳಿಂದ ನಿಂತಿದ್ದರೂ, ಈ ಲೆಕ್ಕದೊಳಗೆ ಅವುಗಳಿಗೆ ಸರಿಯಾದ ಜಾಗ ಇನ್ನೂ ದೊರೆತಿಲ್ಲ.

ಬೆಳಗಾವಿ ನಗರವು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಮಲೆಸೀಮೆ ಮುಗಿದು ಬಯಲು ತೊಡಗುವ ಅಂಚಿನಲ್ಲಿದೆ. ನಗರದಲ್ಲಿ ವರ್ಷಕ್ಕೆ 1,300 ಮಿಲಿಮೀಟರ್ ಆಸುಪಾಸು ಮಳೆಯಾದರೆ, ಖಾನಾಪುರ ತಾಲ್ಲೂಕಿನಲ್ಲಿ ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಅದರ ಎರಡು ಪಟ್ಟಿಗೂ ಮಿಕ್ಕಿ ಸುರಿಯುತ್ತದೆ. ಪೂರ್ವಕ್ಕೆ ಸವದತ್ತಿಯ ಕಡೆ ಸರಿದಂತೆ ಮಳೆ ನಗರದ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಈ ಇಳಿತವನ್ನು ಹಳೆಯ ಮನೆಗಳ ಮಾಡು ನೋಡಿಯೇ ಓದಬಹುದು. ಪಶ್ಚಿಮದಲ್ಲಿ ಕಡಿದಾದ ಇಳಿಜಾರಿನ ಹಂಚಿನ ಮಾಡು, ಪೂರ್ವದಲ್ಲಿ ಬಿಸಿಲನ್ನು ತಡೆಯುವ ದಪ್ಪ ಮಣ್ಣಿನ ಸಪಾಟು ಮೇಲ್ಮುದ್ದೆ. ಇಡೀ ಭಾರತವನ್ನು ಐದೇ ಹವಾ ವಲಯಗಳಾಗಿ ವಿಂಗಡಿಸುವ ಕಟ್ಟಡ ಸಂಹಿತೆಗೆ ಒಂದೇ ಜಿಲ್ಲೆಯೊಳಗಿನ ಇಷ್ಟು ಸೂಕ್ಷ್ಮ ವ್ಯತ್ಯಾಸ ಕಾಣುವುದಿಲ್ಲ, ಆದರೆ ಊರಿನ ಗೌಂಡಿಗೂ ಬಡಗಿಗೂ ಅದು ಕಂಡಿತ್ತು.

ಗೋಡೆಗೆ ಈ ಸೀಮೆಯ ಕಲ್ಲು ಜಂಬಿಟ್ಟಿಗೆ. ಮಳೆ ಮತ್ತು ಬಿಸಿಲಿನ ಸರದಿಯಲ್ಲಿ ಬಂಡೆಯೊಳಗಿನ ಇತರ ಲವಣಗಳು ಕೊಚ್ಚಿಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದಾಗ ಇದು ರೂಪುಗೊಳ್ಳುತ್ತದೆ. ನೆಲದೊಳಗೆ ಒದ್ದೆಯಾಗಿರುವಾಗ ಮೆತ್ತಗಿದ್ದು ಸುಲಭವಾಗಿ ಕಡಿಯಲು ಬರುತ್ತದೆ, ಗಾಳಿಗೆ ಒಡ್ಡಿಕೊಂಡು ಒಣಗಿದಂತೆ ಗಟ್ಟಿಯಾಗುತ್ತದೆ. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ತನ್ನ ಪ್ರವಾಸ ಗ್ರಂಥದಲ್ಲಿ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಕನ್ನಡದ ಹೆಸರಿನೊಳಗೂ ಇಟ್ಟಿಗೆ ಇದೆ ಎಂಬುದು ಗಮನಿಸತಕ್ಕದ್ದು. ಸುಡದೆಯೇ ದೊರೆಯುವ ಇಟ್ಟಿಗೆಯಾದ್ದರಿಂದ ಇದರ ಅಂತರ್ಗತ ಇಂಧನವೆಂದರೆ ಕಡಿಯುವ ಮತ್ತು ಸಾಗಿಸುವ ಶ್ರಮ ಮಾತ್ರ. ಇದರ ದಪ್ಪ ಗೋಡೆ ಹಗಲಿನ ಶಾಖವನ್ನು ನಿಧಾನವಾಗಿ ಹೀರಿ, ಹಲವು ಗಂಟೆ ತಡಮಾಡಿ, ಹೊರಗೆ ತಂಪಾದ ಹೊತ್ತಿನಲ್ಲಿ ಬಿಟ್ಟುಕೊಡುತ್ತದೆ.

ಮಾಡಿನ ವಿಷಯ ಇಷ್ಟು ಸರಳವಲ್ಲ, ಇಡೀ ಚರ್ಚೆಯ ತಿರುಳು ಅಲ್ಲಿಯೇ ಇದೆ. ವಸತಿ ಕಟ್ಟಡಗಳಿಗೆಂದು ಕೇಂದ್ರ ಸರ್ಕಾರ 2018ರಲ್ಲಿ ಹೊರತಂದ ‘ಇಕೋ ನಿವಾಸ ಸಂಹಿತೆ’ ಛಾವಣಿಯನ್ನು ಶಾಖಪ್ರಸರಣಾಂಕ ಎಂಬ ಅಳತೆಯಿಂದ ತೂಗುತ್ತದೆ. ಒಳಗಿನ ಮತ್ತು ಹೊರಗಿನ ಗಾಳಿಯ ನಡುವೆ ಒಂದು ಡಿಗ್ರಿ ವ್ಯತ್ಯಾಸವಿರುವಾಗ ಒಂದು ಚದರ ಮೀಟರ್ ಛಾವಣಿಯ ಮೂಲಕ ಎಷ್ಟು ವಾಟ್ ಶಾಖ ದಾಟುತ್ತದೆ ಎಂಬುದೇ ಈ ಅಂಕ, ಇದು 1.2ನ್ನು ಮೀರಬಾರದು. ಹದಿನೈದು ಸೆಂಟಿಮೀಟರ್ ದಪ್ಪದ ಬರಿಯ ಕಾಂಕ್ರೀಟ್ ಸ್ಲ್ಯಾಬಿಗೆ ಈ ಅಂಕ ಮೂರನ್ನು ದಾಟುತ್ತದೆ. ಒಂದೇ ಪದರದ ತೆಳು ಹಂಚಿಗೆ ಲೆಕ್ಕ ಹಾಕಿದರೆ ನಾಲ್ಕರ ಹತ್ತಿರ ಬರುತ್ತದೆ. ಕಾಗದದ ಮೇಲೆ ಹಂಚು ಕಾಂಕ್ರೀಟಿಗಿಂತಲೂ ಕೆಟ್ಟದ್ದು. ಆದರೂ ಏಪ್ರಿಲ್ ತಿಂಗಳ ರಾತ್ರಿ ಸ್ಲ್ಯಾಬಿನ ಕೆಳಗೆ ಬೇಯುವವರು ಹಂಚಿನ ಕೆಳಗೆ ನಿದ್ದೆ ಮಾಡುವುದಕ್ಕೆ ಕಾರಣ, ಈ ಅಂಕ ಅಳೆಯದ ನಾಲ್ಕು ಸಂಗತಿಗಳು ಅಲ್ಲಿ ಒಟ್ಟಿಗೆ ಕೆಲಸ ಮಾಡುತ್ತವೆ. ಹಂಚು-ಹಂಚಿನ ಸಂದಿಯಲ್ಲಿ ಬಿಸಿಗಾಳಿ ಮೇಲೇರಿ ಹೊರಬೀಳುತ್ತದೆ. ಅಟ್ಟದ ಹಲಗೆ ಎರಡನೆಯ ಛಾವಣಿಯಾಗಿ ನಡುವೆ ಗಾಳಿಯ ಪದರವನ್ನು ಉಳಿಸುತ್ತದೆ. ಸುಟ್ಟ ಮಣ್ಣಿನ ಸೂಕ್ಷ್ಮ ರಂಧ್ರಗಳು ಹೀರಿಕೊಂಡ ತೇವ ಆವಿಯಾಗುವಾಗ, ಮಣ್ಣಿನ ಹೂಜಿ ನೀರನ್ನು ತಂಪಾಗಿಸುವ ರೀತಿಯಲ್ಲೇ, ಹಂಚಿನ ಶಾಖವನ್ನು ಒಯ್ಯುತ್ತದೆ. ಕೊನೆಯದಾಗಿ, ಹಂಚು ತೆಳುವಾದ್ದರಿಂದ ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿನಲ್ಲೇ ತಣ್ಣಗಾಗುತ್ತದೆ, ಹಗಲೆಲ್ಲ ಶಾಖ ಕೂಡಿಟ್ಟ ಸ್ಲ್ಯಾಬ್ ಮಾತ್ರ ನಡುರಾತ್ರಿಯವರೆಗೂ ಅದನ್ನು ಒಳಗೆ ಸೂಸುತ್ತಲೇ ಇರುತ್ತದೆ. ಸಂಹಿತೆಯ ಅಂಕ ತಪ್ಪೆಂದು ಇದರರ್ಥವಲ್ಲ. ಅದು ಮುಚ್ಚಿದ ಛಾವಣಿಗೆ ಹೊಂದುವ ಅಳತೆ, ಉಸಿರಾಡುವ ಮಾಡಿಗೆ ಬೇರೆ ಅಳತೆ ಬೇಕು.

ಹಂಚನ್ನು ಹೊಗಳುವಾಗ ಅದರ ಗೂಡನ್ನು ಮರೆಯಲಾಗದು. ಕರ್ನಾಟಕದಲ್ಲಿ ಯಂತ್ರದ ಹಂಚು 1865ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಕಾರ್ಖಾನೆಯಿಂದ ಮೊದಲಾಯಿತು. ಒಳ್ಳೆಯ ಜೇಡಿಮಣ್ಣಿನ ಖಾನಾಪುರವೂ ಹಂಚು, ಇಟ್ಟಿಗೆ, ಕುಂಬಾರಿಕೆಗೆ ಹೆಸರಾಯಿತು, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲಿಯೇ. ಗೂಡಿಗೆ ಸೌದೆ ಬೇಕು, ಸೌದೆ ಕಾಡಿನಿಂದ ಬರಬಾರದು. ಹಾಗಿದ್ದರೂ ಹಂಚು ಬೇಯುವ ಶಾಖ 1,000 ಡಿಗ್ರಿ ಸೆಲ್ಸಿಯಸ್ ಒಳಗಿನದು, ಸಿಮೆಂಟಿನದು ಸುಮಾರು 1,450 ಡಿಗ್ರಿ. ಅಲ್ಲದೆ ಸುಣ್ಣದಕಲ್ಲು ಬೇಯುವಾಗ ಸ್ವತಃ ಇಂಗಾಲದ ಡೈಆಕ್ಸೈಡನ್ನು ಬಿಡುಗಡೆ ಮಾಡುವುದರಿಂದ, ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಶೇಕಡ 7ರಿಂದ 8ರಷ್ಟು ಸಿಮೆಂಟೊಂದರದೇ ಪಾಲು. ಸುಡುವುದನ್ನೇ ತಪ್ಪಿಸುವ ದಾರಿಯನ್ನೂ ಕರ್ನಾಟಕವೇ ತೋರಿಸಿದೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ತೊಡಗಿದ ‘ಅಸ್ತ್ರ’ ಕೇಂದ್ರ, ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ತೆಗೆಯುವ ಮಣ್ಣಿನ ಬ್ಲಾಕನ್ನು ರೂಢಿಗೆ ತಂದಿತು. ಅದಕ್ಕೆ ತಗಲುವ ಇಂಧನ ಸುಟ್ಟ ಇಟ್ಟಿಗೆಯದರ ಅರ್ಧಕ್ಕೂ ಕಡಿಮೆ.

ಇನ್ನು ಉತ್ತೇಜನದ ಮಾತು. ದೇಶದ ಸ್ವಂತ ಮಾಪನ ಪದ್ಧತಿಯಾದ ‘ಗೃಹ’ 2007ರಿಂದ ಬಳಕೆಯಲ್ಲಿದ್ದು ಕಟ್ಟಡಗಳಿಗೆ ಒಂದರಿಂದ ಐದರವರೆಗೆ ನಕ್ಷತ್ರ ಕೊಡುತ್ತದೆ. ಗಡಿಯಾಚೆ ಮಹಾರಾಷ್ಟ್ರದ 2020ರ ಏಕೀಕೃತ ಕಟ್ಟಡ ನಿಯಮಾವಳಿಯಲ್ಲಿ ಇಂತಹ ನಕ್ಷತ್ರಕ್ಕೆ ತಕ್ಕಂತೆ ಶೇಕಡ 3ರಿಂದ 7ರವರೆಗೆ ಹೆಚ್ಚುವರಿ ನೆಲ ವಿಸ್ತೀರ್ಣ ಅನುಪಾತ, ಎಂದರೆ ಅದೇ ನಿವೇಶನದಲ್ಲಿ ಅಷ್ಟು ಹೆಚ್ಚು ಕಟ್ಟುವ ಅನುಮತಿ, ದೊರೆಯುತ್ತದೆ. ಬೆಳಗಾವಿಯ ಬಹುಮಹಡಿ ಬಿಲ್ಡರಿಗೆ ಇಂತಹದು ಆಕರ್ಷಕವಾದೀತು. ಒಂದೇ ಮಹಡಿಯ ಮನೆ ಕಟ್ಟುವ ಖಾನಾಪುರದ ರೈತನಿಗೆ ಹೆಚ್ಚುವರಿ ವಿಸ್ತೀರ್ಣದಿಂದ ಏನೂ ಆಗಬೇಕಿಲ್ಲ. 2024ರಲ್ಲಿ ಆರಂಭವಾದ ‘ಪಿಎಂ ಸೂರ್ಯ ಘರ್’ ಯೋಜನೆ 3 ಕಿಲೋವಾಟ್ ಸೌರ ಫಲಕಕ್ಕೆ 78,000 ರೂಪಾಯಿವರೆಗೆ ಸಹಾಯಧನ ಕೊಡುತ್ತದೆ, ಅದು ನಿಜವಾಗಿಯೂ ಸಣ್ಣ ಮನೆಯನ್ನು ತಲುಪುವಂಥದು. ಆದರೆ ಫಲಕವನ್ನು ಸ್ಲ್ಯಾಬಿನ ಮೇಲೆ ಕೂರಿಸುವಷ್ಟು ಸುಲಭವಾಗಿ ಹಂಚಿನ ಮೇಲೆ ಕೂರಿಸಲು ಬರುವುದಿಲ್ಲ, ಹೀಗಾಗಿ ಸದುದ್ದೇಶದ ಹಣವೂ ಅರಿಯದೆಯೇ ಸ್ಲ್ಯಾಬಿನ ಕಡೆಗೆ ವಾಲುತ್ತದೆ. ಮಳೆಗಾಲಕ್ಕೆ ಮೊದಲು ಹಂಚು ಸರಿಪಡಿಸುವ ಕೂಲಿ, ಮಂಗಗಳ ಕಾಟ, ಮರದ ಬೆಲೆ ಇವೆಲ್ಲ ಸೇರಿ ಹಂಚು ಬಿಡಲು ಮನೆಯವರಿಗೆ ನ್ಯಾಯವಾದ ಕಾರಣಗಳೇ ಇವೆ. ಉತ್ತೇಜನ ಬೇಕಾಗಿರುವುದು ಅಲ್ಲಿ, ದುರಸ್ತಿಯ ಖರ್ಚಿನಲ್ಲಿ.

ಅದಕ್ಕೆ ಮೊದಲು ಅಳತೆ ಬೇಕು. ಖಾನಾಪುರದ ಕುಂಬಾರಿಕೆ ಸಂಸ್ಥೆ ಮತ್ತು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನಡುವೆ ಹೆಚ್ಚು ದೂರವಿಲ್ಲ. ಒಂದೇ ಓಣಿಯ ಒಂದು ಹಂಚಿನ ಮನೆ ಮತ್ತು ಒಂದು ಸ್ಲ್ಯಾಬಿನ ಮನೆಯಲ್ಲಿ ಮಾರ್ಚಿನಿಂದ ಮೇ ಕೊನೆಯವರೆಗೆ ಗಂಟೆಗೊಮ್ಮೆ ಉಷ್ಣತೆ ಮತ್ತು ತೇವವನ್ನು ದಾಖಲಿಸುವ ಅಗ್ಗದ ಉಪಕರಣಗಳನ್ನು ಇರಿಸಿದರೆ, ಉಸಿರಾಡುವ ಮಾಡಿಗೆ ಎಷ್ಟು ಅಂಕ ಸಲ್ಲಬೇಕೆಂದು ಹೇಳಲು ಬೇಕಾದ ಮೊದಲ ಅಂಕಿಗಳು ಒಂದೇ ಬೇಸಿಗೆಯಲ್ಲಿ ಕೈಗೆ ಬರುತ್ತವೆ.