ಹಾರ್ಡ್ ಡಿಸ್ಕ್ ದೀಪ ಆರುವುದೇ ಇಲ್ಲವೇ?

ನೀವು ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ ಇರುವ ಪ್ರೌಢಶಾಲಾ ಶಿಕ್ಷಕರು ಎಂದಿಟ್ಟುಕೊಳ್ಳಿ. ಮನೆಯಲ್ಲಿ ಹತ್ತು ವರ್ಷ ಹಳೆಯ ಗಣಕವೊಂದಿದೆ. ಸಂಜೆ ಶಾಲೆಯಿಂದ ಬಂದು ಅದರ ಗುಂಡಿ ಒತ್ತುತ್ತೀರಿ. ಪರದೆಯೇನೋ ಮೂಡುತ್ತದೆ. ಆದರೆ ಡಬ್ಬದ ಮುಂಭಾಗದ ಪುಟ್ಟ ದೀಪ ಮಿನುಗುತ್ತಲೇ ಇರುತ್ತದೆ. ಒಳಗಿನಿಂದ ಕರಕರ ಸದ್ದು ಕೇಳುತ್ತದೆ. ನುಡಿಯಲ್ಲಿ ಪ್ರಶ್ನೆಪತ್ರಿಕೆ ಟೈಪು ಮಾಡಹೊರಟರೆ, ಒತ್ತಿದ ಅಕ್ಷರ ಪರದೆಗೆ ಬರಲು ಕಾಯಬೇಕಾಗುತ್ತದೆ. ಅರ್ಧ ಗಂಟೆ ಕಳೆದರೂ ದೀಪ ಆರುವುದಿಲ್ಲ.

ಇಂಥ ಡಬ್ಬವನ್ನು ಬಸ್ಸಿನಲ್ಲಿಟ್ಟುಕೊಂಡು ಕೊಪ್ಪಳಕ್ಕೋ ಗಂಗಾವತಿಗೋ ರಿಪೇರಿಗೆ ಒಯ್ದರೆ ‘ಫಾರ್ಮ್ಯಾಟ್ ಮಾಡಬೇಕು ಸರ್’ ಎಂಬ ಉತ್ತರ ಸಿಗುವುದುಂಟು. ಫಾರ್ಮ್ಯಾಟ್ ಮಾಡಿದರೆ ನಿಮ್ಮ ಕಡತಗಳೆಲ್ಲ ಹೋಗುತ್ತವೆ. ಹಲವು ವರ್ಷಗಳ ಅಂಕಪಟ್ಟಿ, ಟಿಪ್ಪಣಿ, ಮನೆಯ ಫೋಟೋಗಳಿಗೆ ಬೇರೆ ಪ್ರತಿ ಇಲ್ಲದಿದ್ದರೆ ಅವನ್ನು ಮರಳಿ ಪಡೆಯುವುದು ಕಷ್ಟ. ಇಷ್ಟಾಗಿಯೂ ಮೂಲ ದೋಷ ಹಾಗೆಯೇ ಉಳಿದಿರಬಹುದು. ಆದ್ದರಿಂದ ದೀಪ ಏಕೆ ಮಿನುಗುತ್ತಿದೆ ಎಂಬುದನ್ನು ಮೊದಲು ಮನೆಯಲ್ಲೇ ತಿಳಿದುಕೊಳ್ಳೋಣ. ಅದಕ್ಕೆ ಬೇಕಾದ ಸಾಧನಗಳು ಹೆಚ್ಚುಕಡಿಮೆ ಗಣಕದೊಳಗೇ ಇವೆ.

ದೀಪ ಏನನ್ನು ಹೇಳುತ್ತದೆ?

ಹಾರ್ಡ್ ಡಿಸ್ಕಿನೊಳಗೆ ಕಾಂತೀಯ ಲೇಪವಿರುವ ತಟ್ಟೆಗಳು ವೇಗವಾಗಿ ತಿರುಗುತ್ತಿರುತ್ತವೆ. ಒಂದು ತೋಳಿನ ತುದಿಯಲ್ಲಿರುವ ಹೆಡ್ ಎಂಬ ಸೂಕ್ಷ್ಮ ಭಾಗವು ತಟ್ಟೆಗೆ ತಾಗದೆ ಅದರ ಮೇಲೆ ಚಲಿಸಿ ಮಾಹಿತಿಯನ್ನು ಓದುತ್ತದೆ ಮತ್ತು ಬರೆಯುತ್ತದೆ. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅದರಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಗಾತ್ರ ಕುಗ್ಗಿ ಸಾಮರ್ಥ್ಯ ಬೆಳೆದರೂ ತತ್ತ್ವ ಬದಲಾಗಿಲ್ಲ. ಯಾವುದೋ ತಂತ್ರಾಂಶ ಮಾಹಿತಿ ಕೇಳಿದಾಗ ಅಥವಾ ಇಡಲು ಕೊಟ್ಟಾಗ ಡಿಸ್ಕ್ ಕೆಲಸ ಮಾಡುತ್ತದೆ, ದೀಪ ಬೆಳಗುತ್ತದೆ. ಅಂದರೆ ಡಿಸ್ಕಿಗೆ ಯಾರೋ ಕೆಲಸ ಹೇಳುತ್ತಿದ್ದಾರೆ ಎಂಬುದಕ್ಕೆ ದೀಪ ಸೂಚನೆ. ಹೇಳುತ್ತಿರುವವರು ಯಾರು ಎಂಬುದನ್ನು ನಾವು ಪತ್ತೆಮಾಡಬೇಕು.

ಗಣಕವೇಕೆ ನಿಧಾನವಾಗುತ್ತದೆ?

ಒಂದು ಸಣ್ಣ ಲೆಕ್ಕ ಮಾಡೋಣ. ಮೇಜಿನ ಗಣಕದ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು, ಎಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಬೇಕು. ಬೇಕಾದ ಜಾಗ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ ಸುಮಾರು 4 ಮಿಲಿಸೆಕೆಂಡು ಕಾಯಬೇಕು. ತೋಳು ಸರಿಯಾದ ಪಥಕ್ಕೆ ಸರಿಯಲು ಇನ್ನೂ ಸುಮಾರು 9 ಮಿಲಿಸೆಕೆಂಡು ಹಿಡಿಯುತ್ತದೆ. ಒಟ್ಟು 13 ಮಿಲಿಸೆಕೆಂಡು. ಹೀಗಾಗಿ ಅಲ್ಲೊಂದು ಇಲ್ಲೊಂದು ಚದುರಿದ ತುಣುಕುಗಳನ್ನು ಕೇಳಿದರೆ ಡಿಸ್ಕ್ ಸೆಕೆಂಡಿಗೆ ಕೊಡಬಲ್ಲದ್ದು 75ರಿಂದ 80 ತುಣುಕು ಮಾತ್ರ. ತುಣುಕಿಗೆ 4 ಕಿಲೋಬೈಟ್ ಎಂದರೆ ಸೆಕೆಂಡಿಗೆ ಸುಮಾರು 300 ಕಿಲೋಬೈಟ್ ಆಯಿತು. ಅದೇ ಮಾಹಿತಿ ಸಾಲಾಗಿದ್ದರೆ ಸೆಕೆಂಡಿಗೆ 100 ಮೆಗಾಬೈಟಿನಷ್ಟನ್ನು ಇದೇ ಡಿಸ್ಕ್ ಓದಬಲ್ಲದು.

ಗಂಗಾವತಿಯ ಅಕ್ಕಿ ಗಿರಣಿಯ ಗೋದಾಮನ್ನು ನೆನೆಯಿರಿ. ಒಂದೇ ಸಾಲಿನ ಚೀಲಗಳನ್ನು ಲಾರಿಗೆ ಬೇಗ ತುಂಬಬಹುದು. ಒಂದೊಂದು ಚೀಲವನ್ನೂ ಒಂದೊಂದು ಮೂಲೆಯಿಂದ ತರಬೇಕಾದರೆ ಹಮಾಲರಿಗೆ ಓಡಾಟವೇ ಕೆಲಸವಾಗುತ್ತದೆ. ಡಿಸ್ಕಿನ ಕರಕರ ಸದ್ದು ಈ ಓಡಾಟದ್ದೇ.

ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯಿಂದ ಒಂದು ತುಣುಕು ಪಡೆಯಲು ಬೇಕಾದ ಕಾಲ ಸುಮಾರು 100 ನ್ಯಾನೋಸೆಕೆಂಡು. ಅದನ್ನು ಒಂದು ಸೆಕೆಂಡು ಎಂದು ಹಿಗ್ಗಿಸಿದರೆ, ಡಿಸ್ಕಿನ 13 ಮಿಲಿಸೆಕೆಂಡು 36 ಗಂಟೆಯಾಗುತ್ತದೆ! ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿಗೆ ಈ ಲೆಕ್ಕದಲ್ಲಿ ಕಾಲು ಗಂಟೆಗೆ ತುಸು ಹೆಚ್ಚು ಸಾಕು.

ಮೊದಲ ಹೆಜ್ಜೆ: ನಕಲು

ಪರೀಕ್ಷೆಗೆ ಮೊದಲು ಮುಖ್ಯ ಕಡತಗಳನ್ನು ಪೆನ್‌ಡ್ರೈವಿಗೋ ಬೇರೊಂದು ಡಿಸ್ಕಿಗೋ ನಕಲು ಮಾಡಿಕೊಳ್ಳಿ. ದೀಪ ಆರದಿರಲು ಡಿಸ್ಕಿನ ಕೊನೆಗಾಲವೂ ಕಾರಣವಾಗಿರಬಹುದು. ಅಂಥ ಡಿಸ್ಕನ್ನು ಚೆಕ್‌ಡಿಸ್ಕ್‌ನಂಥ ದೀರ್ಘ ತಪಾಸಣೆಗೆ ಒಡ್ಡಿದರೆ, ತಪಾಸಣೆಯ ನಡುವೆಯೇ ಅದು ಕೈಕೊಡಬಹುದು.

ಯಾರು ಕೇಳುತ್ತಿದ್ದಾರೆ?

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಿಂದ ರಿಸೋರ್ಸ್ ಮಾನಿಟರಿಗೆ ಹೋಗಿ. ಅಲ್ಲಿನ ಡಿಸ್ಕ್ ವಿಭಾಗದಲ್ಲಿ ಯಾವ ತಂತ್ರಾಂಶ ಯಾವ ಕಡತವನ್ನು ಓದುತ್ತಿದೆ, ಉತ್ತರಕ್ಕೆ ಎಷ್ಟು ಮಿಲಿಸೆಕೆಂಡು ಹಿಡಿಯುತ್ತಿದೆ ಎಂಬುದೆಲ್ಲ ಕಾಣುತ್ತದೆ. ಐದು ನಿಮಿಷ ಏನನ್ನೂ ಬದಲಿಸದೆ ಗಮನಿಸಿ. ಸಾಮಾನ್ಯವಾಗಿ ಕೆಳಗಿನ ನಾಲ್ಕರಲ್ಲಿ ಒಂದು ಚಿತ್ರ ಸಿಗುತ್ತದೆ.

1. ಸ್ಮೃತಿಯ ಕೊರತೆ. ಪೇಜ್‌ಫೈಲ್ ಎಂಬ ಕಡತ ಪಟ್ಟಿಯ ಮೇಲ್ಭಾಗದಲ್ಲೇ ಇದೆ, ಮೆಮೊರಿ 90 ಪ್ರತಿಶತ ದಾಟಿದೆ. ರ‍್ಯಾಮಿನಲ್ಲಿ ಜಾಗ ಸಾಲದಾಗ ಕಾರ್ಯಾಚರಣ ವ್ಯವಸ್ಥೆ ಕೆಲವು ಪುಟಗಳನ್ನು ಡಿಸ್ಕಿನಲ್ಲಿಟ್ಟು, ಬೇಕಾದಾಗ ಮರಳಿ ತರುತ್ತದೆ. ಇದು ಮಿತಿಮೀರಿದರೆ ಗಣಕಕ್ಕೆ ಪುಟ ಸಾಗಿಸುವುದೇ ಕೆಲಸವಾಗುತ್ತದೆ. ಈ ಸ್ಥಿತಿಗೆ ‘ಥ್ರ್ಯಾಷಿಂಗ್’ ಎಂದು ಹೆಸರು. ಪೀಟರ್ ಡೆನ್ನಿಂಗ್ 1968ರಲ್ಲೇ ಇದರ ಕಾರಣ, ಪರಿಹಾರಗಳನ್ನು ವಿಶ್ಲೇಷಿಸಿದ್ದರು. ಬೇಡದ ಬ್ರೌಸರ್ ಪುಟಗಳನ್ನೂ, ಗಣಕದ ಜೊತೆ ತಾವಾಗಿ ಆರಂಭವಾಗುವ ತಂತ್ರಾಂಶಗಳನ್ನೂ ನಿಲ್ಲಿಸಿ ನೋಡಿ. 2 ಅಥವಾ 4 ಗಿಗಾಬೈಟ್ ರ‍್ಯಾಮ್ ಇದ್ದರೆ ಅದನ್ನು ಹೆಚ್ಚಿಸುವುದೇ ನಿಜವಾದ ಪರಿಹಾರ.

2. ಹಿನ್ನೆಲೆಯ ಕೆಲಸ. ಸರ್ಚ್ ಇಂಡೆಕ್ಸರ್, ವಿಂಡೋಸ್ ಅಪ್‌ಡೇಟ್, ವೈರಸ್ ತಪಾಸಣೆ ಇವುಗಳ ಹೆಸರು ಕಾಣುತ್ತದೆ. ಇದು ರೋಗವಲ್ಲ. ಗಣಕ ಬಿಡುವಾಗಿದ್ದಾಗ ಮುಗಿಯಬೇಕಾದ ಕೆಲಸಗಳಿವು. ಆದರೆ ಸಂಜೆ ಒಂದು ಗಂಟೆ ಬಳಸಿ ಆರಿಸುವ ಅಥವಾ ಕರೆಂಟು ಹೋದೊಡನೆ ಆರುವ ಗಣಕಕ್ಕೆ ಬಿಡುವೇ ಸಿಗುವುದಿಲ್ಲ. ಉಳಿದ ಕೆಲಸ ಮರುದಿನ ನೀವು ಕುಳಿತಾಗಲೇ ಮತ್ತೆ ಆರಂಭವಾಗುತ್ತದೆ. ಭಾನುವಾರ ನಾಲ್ಕಾರು ಗಂಟೆ ಗಣಕವನ್ನು ಅದರ ಪಾಡಿಗೆ ಬಿಡಿ. ಬಳಿಕ ದೀಪ ಶಾಂತವಾದರೆ ಕಾರಣ ಸಿಕ್ಕಿತು.

3. ಬೇಡದ ಅತಿಥಿ. ಪರಿಚಯವಿಲ್ಲದ ತಂತ್ರಾಂಶವೊಂದು ಎಡೆಬಿಡದೆ ಓದುತ್ತಾ ಬರೆಯುತ್ತಾ ಇದೆ. ಶಾಲೆ, ಜೆರಾಕ್ಸ್ ಅಂಗಡಿ, ಮನೆ ಎಂದು ಸುತ್ತುವ ಪೆನ್‌ಡ್ರೈವ್ ವೈರಸ್‌ಗಳ ಹಳೆಯ ಹಾದಿ. ಪೂರ್ಣ ತಪಾಸಣೆ ಮಾಡಿಸಿ. ಎರಡು ಆಂಟಿವೈರಸ್‌ಗಳನ್ನು ಒಟ್ಟಿಗೆ ಇಟ್ಟುಕೊಳ್ಳಬೇಡಿ. ಒಂದು ತೆರೆದ ಕಡತವನ್ನು ಇನ್ನೊಂದೂ ಪರೀಕ್ಷಿಸುತ್ತ ಹೋದರೆ ಡಿಸ್ಕಿನ ಹೊರೆ ಇನ್ನೂ ಹೆಚ್ಚುತ್ತದೆ.

4. ಡಿಸ್ಕಿನ ದೋಷ. ಚಟುವಟಿಕೆ 100 ಪ್ರತಿಶತ, ಸಾಗುವ ಮಾಹಿತಿ ಮಾತ್ರ ಬಹುತೇಕ ಸೊನ್ನೆ. ಉತ್ತರದ ಕಾಲ ಸಾವಿರಾರು ಮಿಲಿಸೆಕೆಂಡು. ಹಾಳಾದ ಜಾಗವನ್ನು ಡಿಸ್ಕ್ ಮತ್ತೆ ಮತ್ತೆ ಓದಲು ಯತ್ನಿಸುವಾಗ ಹೀಗಾಗುತ್ತದೆ. ಡಿಸ್ಕುಗಳು ‘ಸ್ಮಾರ್ಟ್’ ಎಂಬ ವ್ಯವಸ್ಥೆಯಲ್ಲಿ ತಮ್ಮ ಆರೋಗ್ಯದ ದಾಖಲೆ ಇಟ್ಟುಕೊಳ್ಳುತ್ತವೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಿಂದ ಅದನ್ನು ಓದಬಹುದು. ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳ ಮತ್ತು ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಸಂಖ್ಯೆ ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕನ್ನು ನಂಬಬೇಡಿ. ಕೆಲವೊಮ್ಮೆ ಸಡಿಲವಾದ ಕೇಬಲ್ಲಿನಿಂದಲೂ ಇದೇ ಲಕ್ಷಣ ಕಾಣುತ್ತದೆ. ಹೊಸ ಡಿಸ್ಕ್ ಕೊಳ್ಳುವ ಮೊದಲು ಪ್ಲಗ್ ಕಿತ್ತು, ಕೇಬಲ್ಲನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಸೇರಿಸಿ ನೋಡಿ.

ನಮ್ಮ ಊರಿನ ಕಾರಣಗಳು

ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಕಡತಗಳು ಅರ್ಧಕ್ಕೆ ನಿಲ್ಲುತ್ತವೆ. ಆಮೇಲೆ ಗಣಕ ಅವನ್ನು ಪರಿಶೀಲಿಸಲು ಕೂರುತ್ತದೆ. ಕ್ರಮವಾಗಿ ಆರಿಸಲು ಐದು ನಿಮಿಷ ಕೊಡುವ ಸಣ್ಣ ಯುಪಿಎಸ್ ಇದ್ದರೂ ದೊಡ್ಡ ಉಪಕಾರ. ಇನ್ನು ಬೇಸಿಗೆಯಲ್ಲಿ ಕೊಪ್ಪಳ ಜಿಲ್ಲೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಬಹುಪಾಲು ಡಿಸ್ಕುಗಳು ತಾಳುವ ಗರಿಷ್ಠ ಮಿತಿ ಸುಮಾರು 60 ಡಿಗ್ರಿ. ಕೋಣೆಯೇ 40 ಡಿಗ್ರಿ ಇದ್ದು, ಗಾಳಿಯ ಕಿಂಡಿಗಳಲ್ಲಿ ಧೂಳು ಕಟ್ಟಿಕೊಂಡರೆ ಉಳಿಯುವ ಅಂತರ ಬಹಳ ಕಡಿಮೆ. ಎರಡು ತಿಂಗಳಿಗೊಮ್ಮೆ ಗಣಕ ಆರಿಸಿ, ಪ್ಲಗ್ ಕಿತ್ತು, ಮೃದು ಕುಂಚದಿಂದ ಧೂಳು ತೆಗೆಯಿರಿ. ಗಣಕವನ್ನು ಬಸ್ಸಿನಲ್ಲಿ ಒಯ್ಯಲೇಬೇಕಾದರೆ ದಪ್ಪ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಳ್ಳಿ. ಹೊಡೆತ ಡಿಸ್ಕಿನ ಹೆಡ್ಡಿಗೂ ತಟ್ಟೆಗೂ ಅಪಾಯ.

ಏನು ಬದಲಿಸಬೇಕು?

ಒಮ್ಮೆಗೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದ ಎಂಬುದು ತಿಳಿಯದು. ಡಿಸ್ಕ್ ಬದಲಿಸುವ ಸಂದರ್ಭ ಬಂದರೆ ಎಸ್‌ಎಸ್‌ಡಿ ಹಾಕಿಸಿ. ಹಳೆಯ ಗಣಕಕ್ಕೂ ಹೊಸ ಜೀವ ಬರುತ್ತದೆ. ಎಸ್‌ಎಸ್‌ಡಿಯನ್ನು ಹಳೆಯ ಡಿಸ್ಕಿನಂತೆ ಡಿಫ್ರ್ಯಾಗ್ ಮಾಡಬೇಕಾಗಿಲ್ಲ, ಅದರಲ್ಲಿ ಓಡಾಡುವ ತೋಳೇ ಇಲ್ಲವಲ್ಲ! ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ಆದ್ದರಿಂದ ಹಳೆಯ ಗಣಕವಿರುವವರು ಹಗುರವಾದ ಲಿನಕ್ಸ್ ಆವೃತ್ತಿಯೊಂದನ್ನೂ ಪರಿಗಣಿಸಬಹುದು.

ನೀವೇ ಮಾಡಿ ನೋಡಿ

ಶಾಲೆಯ ಗಣಕವೊಂದನ್ನು ಆರಿಸಿಕೊಳ್ಳಿ. ಅದು ಆರಂಭವಾದ ನಂತರ 20 ನಿಮಿಷ, ಪ್ರತಿ ನಿಮಿಷಕ್ಕೊಮ್ಮೆ ಡಿಸ್ಕ್ ಮತ್ತು ಮೆಮೊರಿಯ ಪ್ರತಿಶತವನ್ನು ವಿದ್ಯಾರ್ಥಿಗಳು ಬರೆದುಕೊಂಡು ಗ್ರಾಫ್ ಎಳೆಯಲಿ. ಡಿಸ್ಕಿನ ರೇಖೆ ಎಷ್ಟನೆಯ ನಿಮಿಷಕ್ಕೆ ಇಳಿಯುತ್ತದೆ? ಇಳಿಯದಿದ್ದರೆ ಆ ಹೊತ್ತಿನಲ್ಲಿ ಪಟ್ಟಿಯ ತುದಿಯಲ್ಲಿದ್ದ ತಂತ್ರಾಂಶ ಯಾವುದು? ತಿಂಗಳಿಗೊಮ್ಮೆ ಇದೇ ಪರೀಕ್ಷೆ ಮಾಡಿ ಗ್ರಾಫುಗಳನ್ನು ಜೋಪಾನವಾಗಿಡಿ. ಮುಂದೆ ಗಣಕ ನಿಧಾನವಾದಾಗ ಹೋಲಿಸಿ ನೋಡಲು ಅವು ನೆರವಾಗುತ್ತವೆ.