ಹಳೆಯ ನಾಣ್ಯ ಮಾರಿದರೆ ಲಕ್ಷ ಲಕ್ಷ ಸಿಗುತ್ತದೆಯೇ?

ವೈಷ್ಣೋದೇವಿ ಚಿತ್ರವಿರುವ 5 ರೂಪಾಯಿ ನಾಣ್ಯಕ್ಕೆ 10 ಲಕ್ಷ, ಘೇಂಡಾಮೃಗದ 25 ಪೈಸೆಗೆ ಒಂದೂವರೆ ಲಕ್ಷ. ಇಂಥ ವಿಡಿಯೊ ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರುತ್ತದೆ. ನಮ್ಮ ಸೋದರತ್ತೆ ಅದನ್ನು ನನಗೆ ಕಳಿಸಿದ್ದಲ್ಲದೆ, ದೇವರ ಮನೆಯಲ್ಲಿದ್ದ ಹಳೆ ನಾಣ್ಯದ ಡಬ್ಬಿಯನ್ನೇ ಹಿಡಿದುಕೊಂಡು ಬೆಂಗಳೂರಿಗೆ ಬಂದುಬಿಟ್ಟರು. ಇಬ್ಬರೂ ಒಬ್ಬ ನಾಣ್ಯ ವ್ಯಾಪಾರಿಯ ಅಂಗಡಿಗೆ ಹೋದೆವು.

ಅವರು ಡಬ್ಬಿಯನ್ನು ಮೇಜಿನ ಮೇಲೆ ಸುರಿದು, ಐದೇ ನಿಮಿಷದಲ್ಲಿ ಮೂರು ಗುಡ್ಡೆ ಮಾಡಿದರು. ದೊಡ್ಡ ಗುಡ್ಡೆ ಸ್ವಾತಂತ್ರ್ಯಾನಂತರದ ಪೈಸೆ, ರೂಪಾಯಿಗಳದ್ದು. ವೈಷ್ಣೋದೇವಿ ನಾಣ್ಯವೂ ಅದರಲ್ಲೇ ಇತ್ತು. "ಇವು ಬೇಡಮ್ಮ, ಇಟ್ಕೊಳ್ಳಿ" ಎಂದರು. ಅತ್ತೆಯ ಮುಖ ಸಪ್ಪಗಾಯಿತು.

ವೈಷ್ಣೋದೇವಿ ನಾಣ್ಯ ಏಕೆ ಬೇಡ? ದೇಗುಲ ಮಂಡಳಿಯ ಬೆಳ್ಳಿಹಬ್ಬದ ನೆನಪಿಗೆ 2012ರ ಇಸವಿಯಲ್ಲಿ 5 ಮತ್ತು 10 ರೂಪಾಯಿಯ ನಾಣ್ಯಗಳನ್ನು ಚಲಾವಣೆಗೇ ಬಿಟ್ಟಿದ್ದರು. ಕಿರಾಣಿ ಅಂಗಡಿಯ ಚಿಲ್ಲರೆಯಲ್ಲಿ ಓಡಾಡಿದ ನಾಣ್ಯಕ್ಕೆ ಲಕ್ಷ ಕೊಡುವವರು ಯಾರು? 25 ಪೈಸೆಯ ಕಥೆಯೂ ಹೀಗೆಯೇ. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ ನಿಂತಿತು. "ನಿಂತುಹೋದದ್ದು, ಹಾಗಾಗಿ ಅಪರೂಪ" ಎಂದು ಜನ ಅಂದುಕೊಂಡರು. ಆದರೆ ಚಲಾವಣೆ ನಿಂತ ಮಾತ್ರಕ್ಕೆ ನಾಣ್ಯ ಮಾಯವಾಗುವುದಿಲ್ಲ, ಪ್ರತಿ ಮನೆಯ ಡಬ್ಬಿಯಲ್ಲೂ ನಾಲ್ಕಾರು ಉಳಿದಿರುತ್ತವೆ.

ಹಳೆಯದಾದಷ್ಟೂ ಬೆಲೆ ಹೆಚ್ಚು ಎಂಬುದೂ ತಪ್ಪು. ಸುಮಾರು 500 ವರ್ಷ ಹಿಂದಿನ ವಿಜಯನಗರದ ತಾಮ್ರದ ಕಾಸು, ಟಿಪ್ಪುವಿನ ಆನೆ ಚಿತ್ರದ ಕಾಸು ಸವೆದಿದ್ದರೆ ಕೆಲವು ನೂರು ರೂಪಾಯಿಗೇ ಸಿಗುತ್ತವೆ. ಅವನ್ನು ಅಷ್ಟು ಸಂಖ್ಯೆಯಲ್ಲಿ ಅಚ್ಚು ಹಾಕಿದ್ದರು. ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ, ಬೇಕೆನ್ನುವವರು ಎಷ್ಟು ಮಂದಿ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ 1911ರ 'ಹಂದಿ ರೂಪಾಯಿ'. ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇತ್ತು. ಸೊಂಡಿಲು ಗಿಡ್ಡವಾಗಿ, ಕಾಲು ಮೋಟಾಗಿ, ಅದು ಜನರಿಗೆ ಹಂದಿಯಂತೆ ಕಂಡಿತು. ಗಲಾಟೆಯಾಯಿತು. ಸರ್ಕಾರ ಬಹುಪಾಲು ನಾಣ್ಯಗಳನ್ನು ಕರಗಿಸಿ, 1912ರಿಂದ ಆನೆಯನ್ನು ತಿದ್ದಿ ಅಚ್ಚು ಹಾಕಿತು. ಇಷ್ಟು ದೊಡ್ಡ ಕಥೆಯಿರುವ ನಾಣ್ಯಕ್ಕೂ, ಓಡಾಡಿ ಸವೆದದ್ದಾದರೆ, ಸಿಗುವುದು ಸಾವಿರಗಳ ಲೆಕ್ಕದಲ್ಲಿ.

ಅತ್ತೆಯ ಎರಡನೇ ಗುಡ್ಡೆಯಲ್ಲಿ ಬೆಳ್ಳಿಯ ರೂಪಾಯಿಗಳಿದ್ದವು. ಇವುಗಳ ಕನಿಷ್ಠ ಬೆಲೆಯನ್ನು ಯಾರನ್ನೂ ಕೇಳದೆ ನೀವೇ ಲೆಕ್ಕ ಹಾಕಬಹುದು. ವಿಕ್ಟೋರಿಯಾ ರಾಣಿ, ಏಳನೇ ಎಡ್ವರ್ಡ್, ಐದನೇ ಜಾರ್ಜ್ ಕಾಲದ ರೂಪಾಯಿಯ ತೂಕ 11.66 ಗ್ರಾಂ. ಅದರಲ್ಲಿ ಶೇ 91.7 ಬೆಳ್ಳಿ, ಅಂದರೆ ಸುಮಾರು 10.7 ಗ್ರಾಂ. ಆ ದಿನದ ಬೆಳ್ಳಿ ದರದಿಂದ ಗುಣಿಸಿ. ಸವೆದಿದ್ದರೆ ತುಸು ಕಳೆಯಿರಿ. 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧ ಮಾತ್ರ. 1947ರದ್ದಂತೂ ಪೂರ್ತಿ ನಿಕ್ಕಲ್, ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ಬೆಳ್ಳಿ ಅಂಟುವುದಿಲ್ಲ.

ವ್ಯಾಪಾರಿ ಹೇಳಿದ ಬೆಲೆ ಬೆಳ್ಳಿಯ ಬೆಲೆಗಿಂತ ಸ್ವಲ್ಪವೇ ಹೆಚ್ಚಿತ್ತು. "ಇದೇ ನಾಣ್ಯ ಆನ್‌ಲೈನ್‌ನಲ್ಲಿ ದುಪ್ಪಟ್ಟಿದೆಯಲ್ಲ?" ಎಂದು ನಾನು ಕೇಳಿದೆ. ಅದು ಮಾರುವವರು ಬರೆದುಕೊಂಡ ಬೆಲೆ, ಯಾರೋ ಕೊಟ್ಟ ಬೆಲೆಯಲ್ಲ. ವ್ಯಾಪಾರಿ ಇವತ್ತು ಕೊಂಡ ನಾಣ್ಯ ಆರು ತಿಂಗಳು ಅಂಗಡಿಯಲ್ಲೇ ಕೂರಬಹುದು. ಬಾಡಿಗೆ, ನಕಲಿ ಬಂದರೆ ಆಗುವ ನಷ್ಟ, ಲಾಭ ಎಲ್ಲ ಆ ನಡುವಿನ ಅಂತರದಲ್ಲೇ ಹುಟ್ಟಬೇಕು. ಹಳೆ ಬಂಗಾರ ಮಾರುವಾಗ ಮಜೂರಿ ಕಳೆಯುವುದನ್ನು ಒಪ್ಪುವ ನಾವು, ನಾಣ್ಯದ ಅಂಗಡಿಯಲ್ಲಿ ಮಾತ್ರ ಮೋಸ ಎಂದುಕೊಳ್ಳುತ್ತೇವೆ. ಹಾಗೆಂದು ಮೊದಲ ಅಂಗಡಿಯಲ್ಲೇ ಕೊಟ್ಟುಬಿಡಬೇಕಿಲ್ಲ. ಎರಡು ಮೂರು ಕಡೆ ತೋರಿಸಿ. ನಿಜಕ್ಕೂ ಅಪರೂಪದ್ದಾದರೆ ಕಮಿಷನ್ ಕಳೆದರೂ ಹರಾಜಿನಲ್ಲಿ ಹೆಚ್ಚು ಸಿಗಬಹುದು. ಎಲ್ಲವನ್ನೂ ಒಟ್ಟಿಗೆ ಒಂದೇ ಬೆಲೆಗೆ ಕೇಳಿದರೆ ಒಪ್ಪಬೇಡಿ, ಬಿಡಿಬಿಡಿಯಾಗಿ ಬೆಲೆ ಹೇಳಿಸಿ.

ಅತ್ತೆ ಒಂದು ತಪ್ಪು ಮಾಡಿದ್ದರು. ಹೊರಡುವ ಹಿಂದಿನ ದಿನ ಬೆಳ್ಳಿ ನಾಣ್ಯಗಳನ್ನೆಲ್ಲ ಹುಣಸೆಹಣ್ಣು ಹಾಕಿ ಫಳಫಳ ಉಜ್ಜಿದ್ದರು. ಬೆಳ್ಳಿಯ ಮೇಲೆ ಕಾಲಕ್ರಮೇಣ ಕೂರುವ ಕಪ್ಪು ಬಣ್ಣ ಗಂಧಕದೊಂದಿಗಿನ ರಾಸಾಯನಿಕ ಕ್ರಿಯೆಯಿಂದ ಆದ ಪದರ. ಅದನ್ನು ಉಜ್ಜಿದರೆ ಜತೆಗೆ ಲೋಹದ ಮೇಲ್ಮೈಯೂ ಗೀರಾಗುತ್ತದೆ, ಅಚ್ಚಿನ ಸೂಕ್ಷ್ಮ ಗೆರೆಗಳು ಮಸುಕಾಗುತ್ತವೆ. ಸಂಗ್ರಾಹಕರು ಬೆಲೆ ಕೊಡುವುದೇ ಆ ಗೆರೆಗಳಿಗೆ. ತೊಳೆದ ನಾಣ್ಯ ಮತ್ತೆ ಹಳೆಯದಾಗುವುದಿಲ್ಲ.

ಮೂರನೇ ಗುಡ್ಡೆಯಲ್ಲಿ ಇದ್ದದ್ದು ಒಂದೇ ಬಿಲ್ಲೆ. ಒಂದು ಕಡೆ ರಾಮ, ಸೀತೆ, ಲಕ್ಷ್ಮಣ, ಹನುಮಂತ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1818. ಕಂಪನಿ ಇಂಥ ನಾಣ್ಯ ಅಚ್ಚು ಹಾಕಿಯೇ ಇಲ್ಲ. ಮದ್ರಾಸಿನಲ್ಲಿ ಅದು ದೇವರ ಚಿತ್ರವಿರುವ ಚಿನ್ನದ ವರಹಗಳನ್ನು ಹೊರಡಿಸಿದ್ದು ನಿಜ, ಬಹುಶಃ ಅದರಿಂದಲೇ ಈ ಸುಳ್ಳು ನಂಬುವಂತೆ ಕಾಣುತ್ತದೆ. ಆದರೆ ರಾಮನ ಬಿಲ್ಲೆಗಳು ಆಮೇಲೆ ಯಾರೋ ಮಾಡಿ ಮಾರಿದವು. 'ಅಕ್ಕಿ ಎಳೆಯುವ ನಾಣ್ಯ', ಅಂದರೆ ರೈಸ್ ಪುಲ್ಲಿಂಗ್ ವಂಚನೆಯಲ್ಲಿ ಬಳಕೆಯಾಗುವುದೂ ಇಂಥವೇ. ತಾಮ್ರವಾಗಲಿ ಬೆಳ್ಳಿಯಾಗಲಿ ಅಕ್ಕಿಯನ್ನು ಎಳೆಯುವುದಿಲ್ಲ. ಕಾಳಿಗೆ ಕಬ್ಬಿಣದ ಪುಡಿ ಸೇರಿಸಿ, ಬಿಲ್ಲೆಯ ಹಿಂದೆ ಅಯಸ್ಕಾಂತ ಇಟ್ಟರೆ ಮಾತ್ರ ಎಳೆಯುತ್ತದೆ.

ಇದೆಲ್ಲ ಕಡಿಮೆ ಬೆಲೆಯ ನಿರಾಸೆ ಮಾತ್ರ. ನಿಜವಾಗಿ ಹಣ ಹೋಗುವುದು ಬೇರೆ ಕಡೆ. 2021ರಲ್ಲಿ ಬೆಂಗಳೂರಿನ ಶಿಕ್ಷಕಿಯೊಬ್ಬರು 1947ರ ಒಂದು ರೂಪಾಯಿ ನಾಣ್ಯವನ್ನು ಆನ್‌ಲೈನ್‌ನಲ್ಲಿ ಮಾರಲು ಹೊರಟರು. ಒಬ್ಬ 'ಗ್ರಾಹಕ' ಒಂದು ಕೋಟಿ ಕೊಡುವುದಾಗಿ ಹೇಳಿ, ತೆರಿಗೆಯ ನೆಪದಲ್ಲಿ ಅವರಿಂದಲೇ ಕಂತು ಕಂತಾಗಿ ಸುಮಾರು ಒಂದು ಲಕ್ಷ ಕಟ್ಟಿಸಿಕೊಂಡು ಮಾಯವಾದ. ಅದು ಮೇಲೆ ಹೇಳಿದ, ಕೋಟಿಗಟ್ಟಲೆ ಅಚ್ಚಾದ, ಹುಲಿ ಚಿತ್ರದ ನಿಕ್ಕಲ್ ನಾಣ್ಯ.

ಅದೇ ವರ್ಷ ಆಗಸ್ಟ್ 4ರಂದು ರಿಸರ್ವ್ ಬ್ಯಾಂಕ್ ಪ್ರಕಟಣೆ ಹೊರಡಿಸಿ, ಹಳೆ ನೋಟು ನಾಣ್ಯಗಳ ವ್ಯವಹಾರದಲ್ಲಿ ತಾನಿಲ್ಲ, ಶುಲ್ಕ ಅಥವಾ ಕಮಿಷನ್ ಕೇಳುವುದಿಲ್ಲ, ತನ್ನ ಪರವಾಗಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ತಿಳಿಸಿತು. ಆದ್ದರಿಂದ ಆರ್‌ಬಿಐ ಪ್ರಮಾಣಪತ್ರ, ನೋಂದಣಿ ಶುಲ್ಕ ಎಂಬ ಮಾತು ಬಂದ ಕೂಡಲೇ ಫೋನ್ ಇಡಿ. ಅಂಗಡಿಯ ವ್ಯಾಪಾರಿ ಕಡಿಮೆ ಕೊಡಬಹುದು, ಆದರೆ ಮಾರಲು ಬಂದ ನಿಮ್ಮಿಂದಲೇ ದುಡ್ಡು ಕೇಳುವುದಿಲ್ಲ. 'ದುಬೈ ಶೇಖ್ ಕೊಳ್ಳುತ್ತಾರೆ' ಎಂಬ ಮಾತೂ ಬೇಡ. 100 ವರ್ಷ ದಾಟಿದ ನಾಣ್ಯ 1972ರ ಕಾಯಿದೆಯಡಿ ಪ್ರಾಚ್ಯವಸ್ತು, ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಅಮೆರಿಕದ ಮಗಳಿಗೆ ಅಜ್ಜಿಯ ವಿಕ್ಟೋರಿಯಾ ರೂಪಾಯಿ ಕೊಟ್ಟು ಕಳಿಸುವವರಿಗೂ ಇದು ಗೊತ್ತಿರಲಿ.

ಈಗಾಗಲೇ ಹಣ ಕಟ್ಟಿದ್ದರೆ ನಾಚಿಕೊಂಡು ಕೂರದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಮಾಡುತ್ತೀರೋ, ಆ ಖಾತೆಯಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.